ಸೈಡರ್ ಬೇಡ, ಸೇಬಿನ ಸೋಡಾ ಸಾಕು: ಮನೆಯಲ್ಲೇ ಹೆಪ್ಪು ಹಾಕಿ ನೊರೆ ಬರಿಸುವ ಬಗೆ

ಸೇಬಿನ ರಸಕ್ಕೆ ಯೀಸ್ಟ್ ಬೆರೆಸಿ ಕೆಲವು ವಾರ ಬಿಟ್ಟರೆ ಸೈಡರ್ ಆಗುತ್ತದೆ. ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ ರೈತರು ಶತಮಾನಗಳಿಂದ ಇದನ್ನು ಮಾಡುತ್ತಾ ಬಂದಿದ್ದಾರೆ. ಅಮೆರಿಕದಲ್ಲಿ ಬಡಗಿ ಕೆಲಸ, ಚೀಸ್, ಸೋಪು ಮಾಡುವವರು ಇದನ್ನೂ ಕೈಕೆಲಸದ ಸಾಲಿಗೆ ಸೇರಿಸಿಕೊಂಡಿದ್ದಾರೆ. ಅವರು ಹಾಕುವ ವಿಡಿಯೊಗಳನ್ನು ನೋಡಿದರೆ ಮೈಸೂರಿನಲ್ಲಿ ಕೂತವರಿಗೂ ಕೈ ಸುಮ್ನಿರುವುದಿಲ್ಲ.

ಆದರೆ ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. "ಮಾರೋಕಲ್ಲ ಸಾರ್, ಮನೇಲಿ ಕುಡಿಯೋಕೆ" ಅಂದರೆ ಅದು ಉತ್ತರವಾಗುವುದಿಲ್ಲ. ಸೇಬಿನ ರಸವನ್ನು ಪೂರ್ತಿ ಹುದುಗಲು ಬಿಟ್ಟರೆ ಅದರಲ್ಲಿ ಶೇಕಡಾ 5ರಿಂದ 6ರಷ್ಟು ಆಲ್ಕೋಹಾಲ್ ಸೇರುತ್ತದೆ. ಅಂದರೆ ಹೆಚ್ಚುಕಡಿಮೆ ಬಿಯರ್‌ನಷ್ಟು. ಅದನ್ನು ಮದ್ಯ ಅಲ್ಲ ಅಂತ ಯಾರೂ ಹೇಳಲಾರರು.

ಹಾಗಾಗಿ ಈ ಲೇಖನದಲ್ಲಿ ಸೈಡರ್ ಮಾಡುವುದನ್ನು ಹೇಳುತ್ತಿಲ್ಲ. ಅದರ ಅಕ್ಕಪಕ್ಕದ ಎರಡು ಕೆಲಸ ಹೇಳುತ್ತೇನೆ. ಒಂದು, ಶುಂಠಿಯ ಹೆಪ್ಪು ಹಾಕಿ ಮಾಡುವ ಸೇಬಿನ ಸೋಡಾ. ಇನ್ನೊಂದು, ಉಳಿದ ಸಿಪ್ಪೆಯಿಂದ ವಿನೆಗರ್. ಸೈಡರ್ ಮಾಡುವವರಿಗೆ ಸಿಗುವ ಖುಷಿಯಲ್ಲಿ ಮುಕ್ಕಾಲು ಪಾಲು ಇಲ್ಲೂ ಸಿಗುತ್ತದೆ. ಹೆಪ್ಪು ಸಾಕುವುದು, ಗುಳ್ಳೆ ನೋಡುವುದು, ಬಾಟಲಿ ತುಂಬುವುದು, ಕಾಯುವುದು ಎಲ್ಲವೂ ಉಂಟು. ಕಾಯುವ ಹೊತ್ತಿನಲ್ಲಿ ಮಾಡಬಹುದಾದ ಒಂದೆರಡು ಕೈಕೆಲಸಗಳನ್ನೂ ಕೊನೆಗೆ ಸೇರಿಸಿದ್ದೇನೆ.

ಮೊದಲು ಸಕ್ಕರೆಯ ಲೆಕ್ಕ

ಇದೊಂದು ಲೆಕ್ಕ ತಲೆಯಲ್ಲಿ ಕೂತರೆ ಮಿಕ್ಕಿದ್ದೆಲ್ಲ ಸಲೀಸು. ಅವಸರ ಇದ್ದವರೂ ಈ ಭಾಗ ಬಿಡಬೇಡಿ.

ಯೀಸ್ಟ್ ಸಕ್ಕರೆ ತಿನ್ನುತ್ತದೆ. ತಿಂದದ್ದರಲ್ಲಿ ಸುಮಾರು ಅರ್ಧ ತೂಕ ಆಲ್ಕೋಹಾಲ್ ಆಗುತ್ತದೆ, ಇನ್ನರ್ಧ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಬಾಯಿ ಬಿಗಿದ ಬಾಟಲಿಯಲ್ಲಿ ಆ ಅನಿಲ ಹೊರಗೆ ಹೋಗಲಾರದೆ ನೀರಿನಲ್ಲೇ ಕರಗುತ್ತದೆ. ನೊರೆ ಬರುವುದು ಅದರಿಂದ. ಒಂದು ಲೀಟರ್ ಪಾನೀಯದಲ್ಲಿ ಯೀಸ್ಟ್ 4 ಗ್ರಾಂ ಸಕ್ಕರೆ ತಿಂದರೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಅಂಗಡಿಯ ತಂಪು ಪಾನೀಯದಲ್ಲಿ ಲೀಟರಿಗೆ 3ರಿಂದ 4 ಲೀಟರ್ ಅನಿಲ ತುಂಬಿರುತ್ತಾರೆ. ನಮಗೆ 2 ಲೀಟರ್ ಸಾಕು. ನಾಲಿಗೆ ಚುರುಗುಟ್ಟುತ್ತದೆ, ಮೂಗಿಗೆ ಏರುವುದಿಲ್ಲ. ಅಂದರೆ ಯೀಸ್ಟ್ ತಿನ್ನಬೇಕಾದದ್ದು ಬರೀ 8 ಗ್ರಾಂ, ಎರಡು ಸಣ್ಣ ಚಮಚ.

ಅದೇ 8 ಗ್ರಾಂನಿಂದ ಬರುವ ಆಲ್ಕೋಹಾಲ್ ಸುಮಾರು ಶೇಕಡಾ 0.5. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮದ್ಯದ ಪಾನೀಯ ಅಂತ ಲೆಕ್ಕಕ್ಕೆ ಹಿಡಿಯುವುದು ಶೇಕಡಾ 0.5 ದಾಟಿದ್ದನ್ನು. ನೊರೆಯೂ ಆಲ್ಕೋಹಾಲೂ ಜೊತೆಜೊತೆಗೇ ಏರುತ್ತವೆ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಆಗುವುದಿಲ್ಲ. ಆದ್ದರಿಂದ ಹದ ನೊರೆಗೇ ನಿಲ್ಲಿಸಬೇಕು. ಜಾಸ್ತಿ ನೊರೆ ಬೇಕು ಅನಿಸಿದರೆ ಲೋಟಕ್ಕೆ ಹಾಕುವಾಗ ಅರ್ಧ ಭಾಗ ಅಂಗಡಿಯ ಸಾದಾ ಸೋಡಾ ಬೆರೆಸಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ರುಚಿ ಹೆಪ್ಪಿನದು, ನೊರೆ ಅಂಗಡಿಯದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿ ಈ ಪ್ರಮಾಣವನ್ನು ಅರ್ಧ ಶೇಕಡಾದ ಮಟ್ಟಕ್ಕೆ ಕರಾರುವಾಕ್ಕಾಗಿ ಅಳೆಯಲು ಆಗುವುದಿಲ್ಲ. ಹೆಪ್ಪಿನಿಂದಲೂ ಚೂರು ಆಲ್ಕೋಹಾಲ್ ಸೇರುತ್ತದೆ. ಆದ್ದರಿಂದ ಇದರಲ್ಲಿ ಅದು ಸೊನ್ನೆ ಅಂತ ತಿಳಿಯಬೇಡಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ಮದ್ಯ ಪೂರ್ತಿ ಬಿಟ್ಟವರಿಗೆ, ಕಾಯಿಲೆಯಿಂದ ಮೈ ಸೋತವರಿಗೆ ಕೊಡಬೇಡಿ. ಮನೆಗೆ ಬಂದ ನೆಂಟರಿಗೆ ಕೊಡುವ ಮುಂಚೆ ಇದು ಹುದುಗು ಬಂದ ಪಾನೀಯ ಅಂತ ಹೇಳಿಯೇ ಕೊಡಿ.

ಈಗ ಲೆಕ್ಕದ ಇನ್ನೊಂದು ಮುಖ. ನಾವು ತುಂಬುವ ಬಾಟಲಿಯಲ್ಲಿ 45 ಗ್ರಾಂ ಸಕ್ಕರೆ ಇರುತ್ತದೆ ಅಂದುಕೊಳ್ಳಿ. ಮರೆತು ಮೂಲೆಯಲ್ಲಿ ಬಿಟ್ಟರೆ ಯೀಸ್ಟ್ ಅಷ್ಟನ್ನೂ ತಿನ್ನುತ್ತದೆ. 11 ಲೀಟರ್ ಅನಿಲ ಹುಟ್ಟುತ್ತದೆ. ಯಾವ ಗಾಜಿನ ಬಾಟಲಿಯೂ ಅದನ್ನು ತಡೆಯುವ ಭರವಸೆ ಇಲ್ಲ. ಗಾಜು ಸಿಡಿದರೆ ಅಡುಗೆಮನೆಯಲ್ಲಿ ಚೂರು ಹಾರುತ್ತದೆ. ಗಾಜು ಬೇಡ ಅಂತ ಮುಂದೆ ಹೇಳುವುದು ಇದಕ್ಕೇ.

ಬೇಕಾದ ಸಾಮಾನು

ಪೇಟೆ ಅಲೆಯುವ ಅಗತ್ಯವಿಲ್ಲ. ಅಗಲ ಬಾಯಿಯ ಒಂದು ಲೀಟರಿನ ಗಾಜಿನ ಜಾಡಿ, ಹಳೆಯ ಪಂಚೆಯ ತುಂಡು, ರಬ್ಬರ್ ಬ್ಯಾಂಡ್, ತುರಿಮಣೆ, ಮರದ ಸೌಟು, ಮಿಕ್ಸಿ. ಇವೆಲ್ಲ ಮನೆಯಲ್ಲೇ ಇರುತ್ತವೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಮುಟ್ಟಬೇಡಿ. ಹುಳಿ ಲೋಹವನ್ನು ತಿನ್ನುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬೇಡ ಅಂತ ಅಜ್ಜಿಯರು ಹೇಳುತ್ತಿದ್ದದ್ದು ಇದಕ್ಕೇ ಅಲ್ವಾ.

ಬಾಟಲಿ ಮಾತ್ರ ನೋಡಿ ಆರಿಸಿ. ಸೋಡಾ ಅಥವಾ ಕೋಲಾ ತುಂಬಿ ಬಂದ ಪ್ಲಾಸ್ಟಿಕ್ ಬಾಟಲಿಯೇ ಬೇಕು. ನೀರಿನ ಬಾಟಲಿ ತೆಳ್ಳಗಿರುತ್ತದೆ, ಒತ್ತಡ ತಡೆಯುವುದಿಲ್ಲ. ಸೋಡಾ ಬಾಟಲಿಯ ತಳ ಐದು ಪಾದ ಇಟ್ಟ ಹಾಗಿರುತ್ತದೆ. ಅದನ್ನು ಒತ್ತಡಕ್ಕೆಂದೇ ಹಾಗೆ ಮಾಡಿರುತ್ತಾರೆ. ಪ್ಲಾಸ್ಟಿಕ್ಕಿನ ಇನ್ನೊಂದು ಉಪಕಾರ ಅಂದರೆ, ಬಾಟಲಿಯನ್ನು ಅದುಮಿ ನೋಡಿದರೆ ಒಳಗೆ ಎಷ್ಟು ಅನಿಲ ಇದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ತೊಳೆಯಲು ಕುದಿಯುವ ನೀರು ಹಾಕಬೇಡಿ, ಬಾಟಲಿ ಮುದುಡಿಕೊಳ್ಳುತ್ತದೆ. ಸೋಪು ಮತ್ತು ಉಗುರುಬೆಚ್ಚಗಿನ ನೀರು ಸಾಕು.

ಗೋಲಿ ಸೋಡಾ ಬಾಟಲಿ ಸಿಕ್ಕಿದರೆ ಚೆನ್ನಾಗಿರುತ್ತದೆ ಅಂತ ಕೆಲವರಿಗೆ ಆಸೆ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ಅದಕ್ಕೆ ಪೇಟೆಂಟ್ ಪಡೆದ. ಒಳಗಿನ ಅನಿಲವೇ ಗೋಲಿಯನ್ನು ಬಾಯಿಗೆ ತಳ್ಳಿ ಹಿಡಿಯುತ್ತದೆ. ಅನಿಲ ತುಂಬುವಾಗ ಬಾಟಲಿಯನ್ನು ತಲೆಕೆಳಗು ಮಾಡುವ ಯಂತ್ರ ಬೇಕು. ನಿಧಾನಕ್ಕೆ ಅನಿಲ ಹುಟ್ಟುವ ನಮ್ಮ ಕೆಲಸಕ್ಕೆ ಅದು ಹೊಂದುವುದಿಲ್ಲ. ಶೋಕೇಸಿಗೆ ಇಟ್ಟುಕೊಳ್ಳಿ.

ಶುಂಠಿ ಹೆಪ್ಪು

ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೂ ಒಂದು ಹೆಪ್ಪು ಬೇಕು. ಹಸಿ ಶುಂಠಿಯ ಸಿಪ್ಪೆಯ ಮೇಲೆ ಯೀಸ್ಟ್, ಹುಳಿ ಬರಿಸುವ ಬ್ಯಾಕ್ಟೀರಿಯಾ ಎರಡೂ ಮೊದಲೇ ಕೂತಿರುತ್ತವೆ. ನಾವು ನೀರು, ಸಕ್ಕರೆ ಕೊಟ್ಟು ಸಾಕುತ್ತೇವೆ ಅಷ್ಟೆ.

ಶುಂಠಿಗೆ ನಾವು ಪುಣ್ಯವಂತರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಶುಂಠಿ ಬೆಳೆಯುತ್ತಾರೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಣ್ಣು ಮೆತ್ತಿದ ಶುಂಠಿ ಕೇಳಿ ತನ್ನಿ. ಫಳಫಳ ಹೊಳೆಯುವ, ಪ್ಯಾಕೆಟ್ಟಿನಲ್ಲಿ ಬರುವ ಶುಂಠಿ ಬೇಡ. ಮಣ್ಣನ್ನು ಚೆನ್ನಾಗಿ ತೊಳೆಯಿರಿ. ಆದರೆ ಸಿಪ್ಪೆ ತೆಗೆಯಬೇಡಿ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಹೆಪ್ಪಿಗೆ ಆಗದು. ನೀರನ್ನು ಕುದಿಸಿ ಪೂರ್ತಿ ಆರಿಸಿಕೊಳ್ಳಿ.

ಮೊದಲ ದಿನ ಜಾಡಿಗೆ ಅರ್ಧ ಲೀಟರ್ ಆರಿದ ನೀರು ಹಾಕಿ. ಸಿಪ್ಪೆ ಸಮೇತ ತುರಿದ ಶುಂಠಿ ಎರಡು ದೊಡ್ಡ ಚಮಚ, ಸಕ್ಕರೆ ಎರಡು ದೊಡ್ಡ ಚಮಚ ಸೇರಿಸಿ ಕಲಕಿ. ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಬೀಳದ ಜಾಗದಲ್ಲಿಡಿ. ಗ್ಯಾಸ್ ಒಲೆಯ ಪಕ್ಕ ಬೇಡ. ಎರಡನೇ ದಿನದಿಂದ ದಿನಾ ಒಂದು ದೊಡ್ಡ ಚಮಚ ಶುಂಠಿ, ಒಂದು ದೊಡ್ಡ ಚಮಚ ಸಕ್ಕರೆ ಹಾಕಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಕಲಕಿ. ಕಲಕುವುದರಿಂದ ಮೇಲೆ ತೇಲುವ ಶುಂಠಿ ಒಣಗಿ ಬೂಷ್ಟು ಹಿಡಿಯುವುದು ತಪ್ಪುತ್ತದೆ.

ಎಷ್ಟು ದಿನ? ಹೊರದೇಶದ ವಿಧಾನಗಳಲ್ಲಿ ಒಂದು ವಾರ ಅಂತ ಇರುತ್ತದೆ. ಅವರ ಅಡುಗೆಮನೆ 20 ಡಿಗ್ರಿ. ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನ 34 ಡಿಗ್ರಿ ಮುಟ್ಟುತ್ತದೆ. ಮಂಡ್ಯದಲ್ಲಿ ಇನ್ನೂ ಚೂರು ಜಾಸ್ತಿಯೇ. ಬೇಸಿಗೆಯಲ್ಲಿ ಮೂರು ದಿನಕ್ಕೆ ಹೆಪ್ಪು ಎದ್ದು ಕೂರುತ್ತದೆ. ಡಿಸೆಂಬರಿನಲ್ಲಿ ಐದಾರು ದಿನ ಹಿಡಿಯಬಹುದು. ದಿನ ಎಣಿಸಬೇಡಿ, ಜಾಡಿ ನೋಡಿ. ಕಲಕಿದಾಗ ಸುರ್ ಅಂತ ಸದ್ದು ಬಂದು ಮೇಲೆ ಬಿಳಿ ನೊರೆ ಕಟ್ಟಬೇಕು. ಶುಂಠಿಯ ಖಾರದ ಜೊತೆ ಹಿತವಾದ ಹುಳಿ ವಾಸನೆ ಬರಬೇಕು. ಎರಡನೇ ದಿನವೇ ಗುಳ್ಳೆ ಕಂಡರೂ ಅವಸರ ಬೇಡ. ಆಗಿನ್ನೂ ನೀರು ಹುಳಿಯಾಗಿರುವುದಿಲ್ಲ. ಬೇಡದ ಬ್ಯಾಕ್ಟೀರಿಯಾಗಳನ್ನು ದೂರ ಇಡುವುದು ಆ ಹುಳಿಯೇ.

ಮೇಲೆ ತೆಳ್ಳಗೆ, ಬೆಳ್ಳಗೆ, ಸುಕ್ಕು ಸುಕ್ಕಾದ ಕೆನೆ ಬಂದರೆ ಗಾಬರಿ ಬೇಡ. ಅದೂ ಒಂದು ಬಗೆಯ ಯೀಸ್ಟ್. ತೆಗೆದು ಹಾಕಿ ಮುಂದುವರಿಸಿ. ಹಸಿರು, ಕಪ್ಪು, ಗುಲಾಬಿ ಬಣ್ಣದ, ಕೂದಲಿನ ಹಾಗೆ ಎದ್ದಿರುವ ಬೂಷ್ಟು ಬಂದರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸುವ ಜಾಣತನ ಬೇಡ. ಪೂರ್ತಿ ಚೆಲ್ಲಿ. ಹೋಗುವುದು ಒಂದು ಗೇಣು ಶುಂಠಿ, ಅಷ್ಟೆ.

ಸೇಬಿನ ರಸ

ನಮ್ಮ ಊರಿಗೆ ಸೇಬು ಹಿಮಾಚಲದಿಂದ, ಕಾಶ್ಮೀರದಿಂದ ಬರುತ್ತದೆ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಬೆಲೆ ಕಡಿಮೆ ಇರುತ್ತದೆ. ಈ ಹವ್ಯಾಸ ಶುರು ಮಾಡಲು ಅದೇ ಸರಿಯಾದ ಕಾಲ. ಸಣ್ಣ ಗಾತ್ರದ, ಗಟ್ಟಿಯಾದ, ಸ್ವಲ್ಪ ಹುಳಿ ಇರುವ ಹಣ್ಣು ಆರಿಸಿ. ಮೈಮೇಲೆ ಏಟು ಬಿದ್ದ ಹಣ್ಣೂ ಆದೀತು, ಕಪ್ಪಾದ ಭಾಗ ಕತ್ತರಿಸಿ ಹಾಕಿದರಾಯಿತು. ಕೊಳೆತದ್ದು, ಬೂಷ್ಟು ಹಿಡಿದದ್ದು ಬೇಡ. ಹೊರದೇಶದ ಸೇಬಿಗೆ ಮೇಣ ಹಚ್ಚಿರುತ್ತಾರೆ. ಅದಕ್ಕೆ ದುಡ್ಡೂ ಜಾಸ್ತಿ, ತೊಳೆಯುವ ಕೆಲಸವೂ ಜಾಸ್ತಿ.

ಸೈಡರ್‌ಗೆಂದೇ ಬೆಳೆಯುವ ಸೇಬು ಕಚ್ಚಿ ತಿನ್ನಲು ಬಾರದಷ್ಟು ಒಗರು. ಆ ಒಗರೇ ಪಾನೀಯಕ್ಕೆ ಗಟ್ಟಿತನ ಕೊಡುತ್ತದೆ. ನಮಗೆ ಸಿಗುವುದು ಬರೀ ಸಿಹಿ ಸೇಬು. ರಸ ಸಪ್ಪೆ ಅನಿಸುತ್ತದೆ. ಇದಕ್ಕೆ ಎರಡು ಉಪಾಯ ಇವೆ. ಒಂದು, ಹಾಲು ಸಕ್ಕರೆ ಇಲ್ಲದ ಟೀ ಡಿಕಾಕ್ಷನ್ ಬೆರೆಸುವುದು. ಹೊರಗಿನ ಹವ್ಯಾಸಿಗಳೂ ಇದನ್ನು ಮಾಡುತ್ತಾರೆ. ಇನ್ನೊಂದು ನಮ್ಮದೇ, ಬೆಟ್ಟದ ನೆಲ್ಲಿಕಾಯಿ. ಒಗರು, ಹುಳಿ ಎರಡೂ ಅದರಲ್ಲಿದೆ. ನನ್ನ ಓಟು ನೆಲ್ಲಿಕಾಯಿಗೆ. ಒಂದು ಕಿಲೋ ಸೇಬಿಗೆ ಎರಡು ನೆಲ್ಲಿಕಾಯಿ ಸಾಕು. ಮೂರಾದರೆ ಸೇಬು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಸೇಬನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯಿರಿ, ನಡುವಿನ ದಿಂಡು ತೆಗೆಯಿರಿ. ಎರಡನ್ನೂ ಒಂದು ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ, ವಿನೆಗರ್‌ಗೆ ಬೇಕು. ಹೋಳುಗಳನ್ನು, ಬೀಜ ತೆಗೆದ ನೆಲ್ಲಿಕಾಯಿಯನ್ನು ನೀರು ಹಾಕದೆ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ. ತಿರುವುವಾಗಲೇ ಒಂದು ನಿಂಬೆಹಣ್ಣಿನ ರಸ ಹಿಂಡಿದರೆ ಬಣ್ಣ ಕಪ್ಪಾಗುವುದಿಲ್ಲ. ಪಂಚೆಯ ತುಂಡಿಗೆ ಸುರಿದು ಹಿಂಡಿ. ಒಂದು ಕಿಲೋದಿಂದ ಅರ್ಧ ಲೀಟರಿನಷ್ಟು ರಸ ಬರುತ್ತದೆ.

ರಸವನ್ನು ಸ್ಟೀಲ್ ಪಾತ್ರೆಯಲ್ಲಿ ಬಿಸಿ ಮಾಡಿ. ಕುದಿಯುವುದು ಬೇಡ. ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಉರಿ ಕಡಿಮೆ ಮಾಡಿ, ಐದು ನಿಮಿಷ ಬಿಟ್ಟು ಇಳಿಸಿ. ಹಣ್ಣಿನ ಮೇಲಿದ್ದ ಬೇಡದ ಜೀವಿಗಳು ಇದರಿಂದ ಸಾಯುತ್ತವೆ. ಪೂರ್ತಿ ಆರಲಿ. ಬಿಸಿ ರಸಕ್ಕೆ ಹೆಪ್ಪು ಹಾಕಿದರೆ ಹೆಪ್ಪೂ ಸತ್ತುಹೋಗುತ್ತದೆ.

ಅಂಗಡಿಯ ಪೊಟ್ಟಣದ ರಸ ಆಗುತ್ತದಾ? ಆಗುತ್ತದೆ. ಮೊದಲು ಹಿಂದಿನ ಸಣ್ಣಕ್ಷರ ಓದಿ. ಸೋಡಿಯಂ ಬೆಂಜೋಯೇಟ್, ಪೊಟ್ಯಾಶಿಯಂ ಸಾರ್ಬೇಟ್ ಅಂತ ಇದ್ದರೆ ಅದು ಯೀಸ್ಟ್ ಬೆಳೆಯದ ಹಾಗೆ ಹಾಕಿದ್ದೇ. ನೀವು ಎಷ್ಟು ಕಾದರೂ ಗುಳ್ಳೆ ಬರುವುದಿಲ್ಲ.

ಬಾಟಲಿಗೆ ತುಂಬಿ ಕಾವಲು ಕಾಯುವುದು

1.25 ಲೀಟರಿನ ಸೋಡಾ ಬಾಟಲಿಗೆ ಅಳತೆ ಹೀಗಿದೆ. ಆರಿದ ಸೇಬಿನ ರಸ 400 ಮಿ.ಲೀ., ಕುದಿಸಿ ಆರಿಸಿದ ನೀರು 550 ಮಿ.ಲೀ., ಸೋಸಿದ ಶುಂಠಿ ಹೆಪ್ಪು 60 ಮಿ.ಲೀ., ಒಂದು ನಿಂಬೆಹಣ್ಣಿನ ರಸ. ಬೇರೆ ಸಕ್ಕರೆ ಬೇಡ, ರಸದಲ್ಲೇ 45 ಗ್ರಾಂನಷ್ಟು ಇದೆ. ನಿಂಬೆರಸ ಬಿಡಬೇಡಿ. ಅದು ರುಚಿಗೆ ಮಾತ್ರ ಅಲ್ಲ, ಕಾಪಾಡುವುದಕ್ಕೂ ಬೇಕು. ತುಂಬಿದ ಮೇಲೆ ಮೇಲ್ಗಡೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿಯಬೇಕು. ಮುಚ್ಚಳ ಬಿಗಿಯಾಗಿ ತಿರುಗಿಸಿ. ಬಾಟಲಿಯ ಮೇಲೆ ದಿನ, ಗಂಟೆ ಎರಡನ್ನೂ ಬರೆಯಿರಿ.

ಇನ್ನು ಕಾವಲು. ಬೇಸಿಗೆಯಲ್ಲಿ ಎಂಟು ಗಂಟೆ ಆದಮೇಲೆ ಮೊದಲ ಸಲ ಅದುಮಿ ನೋಡಿ. ಆಮೇಲೆ ನಾಲ್ಕು ಗಂಟೆಗೊಮ್ಮೆ. ಚಳಿಗಾಲದಲ್ಲಿ ಬೆಳಿಗ್ಗೆ ಸಂಜೆ ನೋಡಿದರೆ ನಡೆಯುತ್ತದೆ. ಅಂಗಡಿಯಿಂದ ತಂದ ಹೊಸ ಸೋಡಾ ಬಾಟಲಿ ಕಲ್ಲಿನ ಹಾಗಿರುತ್ತದೆ. ನಮ್ಮದು ಅಷ್ಟು ಗಟ್ಟಿಯಾಗುವವರೆಗೆ ಬಿಡಬಾರದು. ಹೆಬ್ಬೆರಳಿನಿಂದ ಒತ್ತಿದರೆ ಬಾಟಲಿ ಬಿಗಿ ಅನಿಸಬೇಕು, ಆದರೂ ಚೂರು ತಗ್ಗು ಬೀಳಬೇಕು. ಆ ಹದಕ್ಕೆ ಸೀದಾ ಫ್ರಿಜ್‌ಗೆ. ಬೇಸಿಗೆಯಲ್ಲಿ ಇದಕ್ಕೆ ಅರ್ಧ ದಿನದಿಂದ ಒಂದು ದಿನ, ಚಳಿಯಲ್ಲಿ ಒಂದೂವರೆಯಿಂದ ಎರಡು ದಿನ ಹಿಡಿಯುತ್ತದೆ.

ಶನಿವಾರ ತುಂಬಿಟ್ಟು ಊರಿಗೆ ಹೋಗುವ ಯೋಚನೆ ಇದ್ದರೆ ತುಂಬಲೇಬೇಡಿ. ಬಾಟಲಿ ಹೊರಗಿದ್ದಷ್ಟು ಹೊತ್ತು ಮನೆಯಲ್ಲಿ ಒಬ್ಬರು ಇರಬೇಕು.

ಫ್ರಿಜ್‌ನಲ್ಲಿ ಒಂದು ರಾತ್ರಿಯಾದರೂ ಇರಲಿ. ತಣ್ಣಗಿನ ನೀರು ಅನಿಲವನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗಿರುವಾಗ ತೆರೆದರೆ ಅರ್ಧ ಸೋಡಾ ಗೋಡೆಗೆ. ತೆರೆಯುವಾಗ ಸಿಂಕಿನ ಮೇಲೆ ಹಿಡಿದು ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ತಳದಲ್ಲಿ ಬೆಳ್ಳಗೆ ಗಸಿ ಕೂತಿರುತ್ತದೆ. ಯೀಸ್ಟ್ ಅದು. ಕುಡಿದರೆ ತೊಂದರೆ ಇಲ್ಲ, ಆದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅಲ್ಲಾಡಿಸದೆ ಬಗ್ಗಿಸಿಕೊಳ್ಳಿ.

ಫ್ರಿಜ್ ಯೀಸ್ಟನ್ನು ಕೊಲ್ಲುವುದಿಲ್ಲ, ಜೋಮು ಹಿಡಿಸುತ್ತದೆ ಅಷ್ಟೆ. ಕರೆಂಟು ಹೋಗಿ ಫ್ರಿಜ್ ಬೆಚ್ಚಗಾದರೆ ಮತ್ತೆ ಕೆಲಸ ಶುರು. ಹಾಗಾಗಿ ಒಂದು ವಾರದೊಳಗೆ ಕುಡಿದು ಮುಗಿಸಿ. ಒಂದು ಸಲಕ್ಕೆ ಎರಡು ಬಾಟಲಿಗಿಂತ ಜಾಸ್ತಿ ಮಾಡಬೇಡಿ.

ಬೆಲ್ಲದ ಸೋಡಾ, ಮತ್ತು ಕಬ್ಬಿನ ಹಾಲಿನ ಮಾತು

ಸೇಬು ದುಬಾರಿಯಾದಾಗ ಬೆಲ್ಲ ಇದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಬೆಲ್ಲ, ಜಜ್ಜಿದ ಶುಂಠಿ ಒಂದು ತುಂಡು ಹಾಕಿ ಕುದಿಸಿ, ಸೋಸಿ, ಆರಿಸಿ. ಎರಡು ನಿಂಬೆಹಣ್ಣು ಹಿಂಡಿ, 60 ಮಿ.ಲೀ. ಹೆಪ್ಪು ಬೆರೆಸಿ. ಮುಂದಿನದೆಲ್ಲ ಸೇಬಿನ ಹಾಗೇ. ಮಂಡ್ಯದ ಆಲೆಮನೆಯಿಂದ ನೇರ ತರಲು ಆದರೆ ತನ್ನಿ. ಕಪ್ಪಗಿರುವ ಬೆಲ್ಲ ಕೇಳಿ. ಹಳದಿಯಾಗಿ ಹೊಳೆಯಲಿ ಅಂತ ಕೆಲವು ಕಡೆ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುತ್ತಾರೆ. ಅದರ ಗಂಧಕದ ಅಂಶ ಉಳಿದಿದ್ದರೆ ಯೀಸ್ಟ್ ಮಂಕಾಗುತ್ತದೆ. ಕಪ್ಪು ಬೆಲ್ಲದಲ್ಲಿ ಖನಿಜಗಳೂ ಇರುವುದರಿಂದ ಹೆಪ್ಪು ಚುರುಕಾಗಿ ಏಳುತ್ತದೆ. ಅದುಮಿ ನೋಡುವುದನ್ನು ಇಲ್ಲಿ ಇನ್ನೂ ಬೇಗ ಶುರು ಮಾಡಿ.

ಬೆಲ್ಲ ಯಾಕೆ, ಸೀದಾ ಕಬ್ಬಿನ ಹಾಲನ್ನೇ ಬಾಟಲಿಗೆ ತುಂಬಬಾರದಾ ಅಂತ ಮಂಡ್ಯದ ಗೆಳೆಯರು ಕೇಳೇ ಕೇಳುತ್ತಾರೆ. ಬೇಡ. ಕಬ್ಬಿನ ಹಾಲಿನಲ್ಲಿ ಲೀಟರಿಗೆ 150 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಮೇಲಿನ ಲೆಕ್ಕಕ್ಕೆ ಅದನ್ನು ಹಾಕಿ ನೋಡಿ, ಬಾಟಲಿಯ ಗತಿ ಏನಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಜೊತೆಗೆ ಗಾಣದಿಂದ ಇಳಿಯುವಾಗಲೇ ಅದರಲ್ಲಿ ಸೂಕ್ಷ್ಮಜೀವಿಗಳು ತುಂಬಿರುತ್ತವೆ. ಲ್ಯೂಕೊನೋಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಸಕ್ಕರೆಯಿಂದ ಲೋಳೆ ಮಾಡುತ್ತದೆ. ಸಕ್ಕರೆ ಕಾರ್ಖಾನೆಗಳಿಗೆ ಇದು ದೊಡ್ಡ ತಲೆನೋವು. ಕಡಿದ ಕಬ್ಬು ಬೇಗ ಅರೆಯಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ತಮಾಷೆ ಅಂದರೆ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾ ಕೂಡ ಇದೇ. ಶುಂಠಿ ಹೆಪ್ಪೂ ಕೆಲವೊಮ್ಮೆ ಸೌಟಿಗೆ ಎಳೆ ಎಳೆಯಾಗಿ ಅಂಟುವುದು ಇದೇ ಬಳಗದವರ ಕೆಲಸದಿಂದ. ಒಂದೆರಡು ದಿನ ಸಕ್ಕರೆ ಕಡಿಮೆ ಮಾಡಿ, ಶುಂಠಿ ಜಾಸ್ತಿ ಹಾಕಿ, ಚೆನ್ನಾಗಿ ಕಲಕಿ. ಸಾಮಾನ್ಯವಾಗಿ ಸರಿಹೋಗುತ್ತದೆ. ಕಬ್ಬಿನ ಹಾಲನ್ನು ಮಾತ್ರ ಗಾಡಿಯ ಪಕ್ಕ ನಿಂತು, ನಿಂಬೆ ಶುಂಠಿ ಹಾಕಿಸಿಕೊಂಡು, ಆಗಲೇ ಕುಡಿದುಬಿಡಿ.

ಸಿಪ್ಪೆಯಿಂದ ವಿನೆಗರ್

ಸೋಡಾಗೆ ಗಾಳಿ ಆಗದು, ವಿನೆಗರ್‌ಗೆ ಗಾಳಿಯೇ ಬೇಕು. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕ ಬಳಸಿ ಆ ಆಲ್ಕೋಹಾಲನ್ನು ಹುಳಿಯಾಗಿ ಬದಲಿಸುತ್ತದೆ. ಜೀವಿಗಳೇ ಈ ಕೆಲಸ ಮಾಡುತ್ತವೆ ಅಂತ 1860ರ ದಶಕದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ. ಇದಕ್ಕೆ 25ರಿಂದ 30 ಡಿಗ್ರಿ ಹಿತ. ಬಹುಪಾಲು ತಿಂಗಳು ಮೈಸೂರಿನ ಮನೆಯೊಳಗೆ ಅಷ್ಟೇ ಇರುತ್ತದೆ. ಬೇರೆ ದೇಶದವರು ಹೀಟರ್ ಇಟ್ಟು ಪಡೆಯುವ ಹದ ನಮಗೆ ಬಿಟ್ಟಿ.

ಐದಾರು ಸೇಬಿನ ಸಿಪ್ಪೆ, ದಿಂಡನ್ನು ದೊಡ್ಡ ಗಾಜಿನ ಜಾಡಿಗೆ ಹಾಕಿ. ಬೀಜ ತೆಗೆದುಬಿಡಿ. ಒಂದು ಲೀಟರ್ ಆರಿದ ನೀರಿಗೆ 50 ಗ್ರಾಂ ಸಕ್ಕರೆ ಕರಗಿಸಿ ಸುರಿಯಿರಿ. ಅದಕ್ಕೆ 150 ಮಿ.ಲೀ. ಜೀವಂತ ವಿನೆಗರ್ ಸೇರಿಸಿ. ಜೀವಂತ ಅಂದರೆ ಸೋಸದ, ತಳದಲ್ಲಿ ಮೋಡದಂಥ ಗಸಿ ಇರುವ ಸೇಬಿನ ವಿನೆಗರ್. ಮೊದಲ ದಿನವೇ ಇದನ್ನು ಸೇರಿಸಿದರೆ ನೀರು ಹುಳಿಯಾಗಿ ಬೂಷ್ಟಿಗೆ ಜಾಗ ಸಿಗುವುದಿಲ್ಲ. ಆಲ್ಕೋಹಾಲ್ ಕೂಡ ಹುಟ್ಟಿದ ಹಾಗೆ ಹುಳಿಯಾಗುತ್ತಾ ಹೋಗುತ್ತದೆ. ಬಟ್ಟೆ ಕಟ್ಟಿ, ಮುಚ್ಚಳ ಹಾಕಬೇಡಿ. ಬಟ್ಟೆ ದಟ್ಟವಾಗಿರಲಿ. ಹಣ್ಣಿನ ವಾಸನೆಗೆ ಬರುವ ಗುಂಗುರುಗಳು ಬಲೆಯಂಥ ಬಟ್ಟೆಯಲ್ಲಿ ಸಲೀಸಾಗಿ ನುಸುಳುತ್ತವೆ.

ಎರಡು ವಾರ ದಿನಾ ಒಮ್ಮೆ ಕಲಕಿ, ಸಿಪ್ಪೆ ಮುಳುಗಿರುವ ಹಾಗೆ ನೋಡಿಕೊಳ್ಳಿ. ಆಮೇಲೆ ಸೋಸಿ, ರಸವನ್ನು ಮತ್ತೆ ಜಾಡಿಗೆ ಹಾಕಿ ಬಟ್ಟೆ ಕಟ್ಟಿ. ಇನ್ನು ಒಂದು ತಿಂಗಳು, ಒಂದೂವರೆ ತಿಂಗಳು ಅಲುಗಾಡಿಸಬೇಡಿ. ಮೇಲೆ ಎಳನೀರಿನ ಗಂಜಿಯಂಥ ಪದರ ಕಟ್ಟಬಹುದು. ಅದೇ ವಿನೆಗರ್‌ನ ತಾಯಿ, ಮುಂದಿನ ಸಲಕ್ಕೆ ಹೆಪ್ಪು. ಮೂಗಿಗೆ ನೇರ ಹುಳಿ ಹೊಡೆದು, ಸಿಹಿ ಪೂರ್ತಿ ಹೋಗಿದ್ದರೆ ಆಯಿತು. ಬಾಟಲಿಗೆ ಕತ್ತಿನವರೆಗೆ ತುಂಬಿ ಮುಚ್ಚಳ ಹಾಕಿ. ಕೋಸಂಬರಿಗೆ, ಸಲಾಡಿಗೆ, ಸಿಂಕು ತೊಳೆಯುವುದಕ್ಕೆ ಚೆನ್ನಾಗಿರುತ್ತದೆ.

ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಗೆ ಮಾತ್ರ ಇದನ್ನು ನಂಬಬೇಡಿ. ಅಲ್ಲಿ ಹುಳಿಯ ಬಲ ಶೇಕಡಾ 4ರಿಂದ 5 ಇರಲೇಬೇಕು. ಮನೆಯದ್ದು ಎಷ್ಟಿದೆ ಅಂತ ನಾಲಿಗೆ ಹೇಳಲಾರದು, ಬಣ್ಣ ಬದಲಿಸುವ ಪಿಎಚ್ ಕಾಗದವೂ ಹೇಳಲಾರದು.

ಕಾಯುವಾಗ ಕೈಗೆ ಕೆಲಸ

ಹೆಪ್ಪಿಗೆ ದಿನಕ್ಕೆ ಐದು ನಿಮಿಷ ಸಾಕು. ಮಿಕ್ಕ ಹೊತ್ತಿನಲ್ಲಿ ಮೊದಲು ಬಾಟಲಿಗಳಿಗೆ ಮರದ ಪೆಟ್ಟಿಗೆ ಮಾಡಿ. ಹಣ್ಣಿನ ಅಂಗಡಿಯವರು ಬಿಸಾಡುವ ಹಲಗೆಯೇ ಆದೀತು, ಸಾಮಿಲ್ಲಿನಲ್ಲಿ ಸಿಲ್ವರ್ ಓಕ್ ಚೂರು ಸಿಕ್ಕರೆ ಇನ್ನೂ ಒಳ್ಳೆಯದು. ಎತ್ತರ ಬಾಟಲಿಗಿಂತ ಎರಡು ಬೆರಳು ಜಾಸ್ತಿ, ಮೇಲೆ ತಿರುಗಣೆ ಹಾಕಿದ ಮುಚ್ಚಳ, ಬದಿಗಳಲ್ಲಿ ಗಾಳಿಗೆ ಕಿಂಡಿ. ಬಾಟಲಿ ಒಡೆದರೂ ಗಲೀಜು ಪೆಟ್ಟಿಗೆಯೊಳಗೇ ಉಳಿಯುತ್ತದೆ. ಮೊಳೆಗಿಂತ ಸ್ಕ್ರೂ ಹಾಕಿ. ಒದ್ದೆಯಾಗಿ ಹಲಗೆ ಬಾಗಿದರೆ ಬಿಚ್ಚಿ ಸರಿ ಮಾಡಬಹುದು. ಬಡಗಿ ಕೆಲಸ ಕಲಿಯುವವರಿಗೆ ಇದಕ್ಕಿಂತ ಸುಲಭದ ಪಾಠ ಸಿಗುವುದಿಲ್ಲ, ಓರೆಯಾದರೂ ಕೆಲಸಕ್ಕೆ ಬರುತ್ತದೆ.

ಹೊಲಿಗೆ ಬಲ್ಲವರು ಜಾಡಿಯ ಬಾಯಿಗೆ ಎಲಾಸ್ಟಿಕ್ ಇರುವ ಟೋಪಿ ಹೊಲಿಯಬಹುದು. ಎರಡು ಪದರ ಹಳೆಯ ಪಂಚೆ, ಸುತ್ತ ಒಂದು ಮಡಿಕೆ. ರಬ್ಬರ್ ಬ್ಯಾಂಡ್ ಹುಡುಕುವ ಕೆಲಸ ತಪ್ಪುತ್ತದೆ. ಚೀಟಿಗಳನ್ನು ಕೈಯಲ್ಲೇ ಬರೆದು ಮೈದಾ ಗೋಂದಿನಲ್ಲಿ ಅಂಟಿಸಿ, ನೆನೆಸಿದರೆ ಪೂರ್ತಿ ಬಿಟ್ಟುಕೊಳ್ಳುತ್ತದೆ. ಮಕ್ಕಳಿಗೆ ಚಿತ್ರ ಬರೆಯಲು ಕೊಡಿ. ಆದರೆ ದಿನ, ಗಂಟೆ ನೀವೇ ಬರೆಯಿರಿ. ಹಿಂಡಿದ ಹಿಪ್ಪೆ, ಹೆಪ್ಪಿನಲ್ಲಿ ಮಿಕ್ಕ ಶುಂಠಿ ಗೊಬ್ಬರದ ಬುಟ್ಟಿಗೆ.

ಶುಂಠಿಯನ್ನೂ ಬೆಳೆದುಕೊಳ್ಳಬಹುದು. ಏಪ್ರಿಲ್ ಕೊನೆ, ಮೇ ತಿಂಗಳ ಮೊದಲ ಮಳೆಗೆ ಮೊಳಕೆ ಕಣ್ಣಿರುವ ತುಂಡನ್ನು ಅಗಲವಾದ ಚೀಲದಲ್ಲಿ ಎರಡು ಬೆರಳು ಆಳಕ್ಕೆ ನೆಡಿ. ನೀರು ನಿಂತರೆ ಕೊಳೆಯುತ್ತದೆ, ಅರೆನೆರಳಿದ್ದರೆ ಚೆನ್ನಾಗಿ ಬರುತ್ತದೆ. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಒಣಗಿದಾಗ ಕೀಳಿ.

ಸೋಡಾ ಸಾಕಾಗಿ ಒಂದಷ್ಟು ದಿನ ಬಿಡಬೇಕು ಅನಿಸಿದರೆ ಹೆಪ್ಪನ್ನು ಚೆಲ್ಲಬೇಡಿ. ಮುಚ್ಚಳ ಸಡಿಲವಾಗಿ ಹಾಕಿ ಫ್ರಿಜ್‌ನಲ್ಲಿಡಿ, ವಾರಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ. ಮತ್ತೆ ಬೇಕಾದಾಗ ಹೊರಗಿಟ್ಟು ದಿನಾ ಉಣಿಸಿದರೆ ಎರಡು ದಿನಕ್ಕೆ ನೊರೆ ಕಟ್ಟುತ್ತದೆ. ಕಟ್ಟದಿದ್ದರೆ ಅರ್ಧ ಚೆಲ್ಲಿ, ಅಷ್ಟೇ ಆರಿದ ನೀರು ಸೇರಿಸಿ, ಹೊಸ ಶುಂಠಿ ತುರಿದು ಹಾಕಿ ನೋಡಿ.